ಮರಿಯ ಕೂಗು

ಇಡಗುಂದಿಯ ಗಣಪಣ್ಣ ಜಿಂಕೆಗಳಿಗೆಂದೇ ತಮ್ಮ ಒಂದು ಗದ್ದೆಯ ಬೇಲಿ ಕಿತ್ತು, ಹುಲ್ಲು ಕೊಯ್ಯದೆ ಬಿಟ್ಟಿದ್ದಾರೆ. ನಾಲ್ಕು ವರ್ಷ ಕಾದ ಮೇಲೆ ಒಂದು ಹೆಣ್ಣು ಜಿಂಕೆ ಹಗಲಲ್ಲೇ ಬರತೊಡಗಿದೆಯಂತೆ. ಅದನ್ನು ನೋಡಲು ಅವರ ಜೊತೆ ಹೊರಟಿದ್ದೆ. ದಾರಿಯುದ್ದಕ್ಕೂ ಬಸ್ ಕಂಡಕ್ಟರನ ಕೂಗನ್ನೂ ಗಣಪಣ್ಣನ ಕೆಮ್ಮನ್ನೂ ಅಣಕಿಸಿ ನಗಿಸಿದ್ದ ನನ್ನ ಬಾಯಿ ಅಲ್ಲಿಯೂ ಸುಮ್ಮನಿರಲಿಲ್ಲ. ಎಲೆಯೊಂದನ್ನು ತುಟಿಗಿಟ್ಟು ಜಿಂಕೆಮರಿಯಂತೆ ಕೂಗಿದೆ. ಪೊದೆಯಿಂದ ಆ ಜಿಂಕೆ ಓಡಿ ಬಂದು, ನಾಲ್ಕು ಹೆಜ್ಜೆ ದೂರದ ಹುಲ್ಲಿನಲ್ಲಿ ತನ್ನ ಮರಿಯನ್ನು ಹುಡುಕತೊಡಗಿತು. ನಾನು ಬಹುಮಾನ ಬಂದವನಂತೆ ಹಲ್ಲು ಕಿರಿದೆ.

“ನಗ್ಯಾಡಡ ತಮಾ. ಬೇಟೆಯವ್ರೂ ಹೀಂಗೇ ಕರದು ಹೊಡಿತ,” ಎಂದರು ಗಣಪಣ್ಣ. “ಈ ಕೂಗಿಗೆ ಬಂದ್ರೆ ಪೆಟ್ಟು ಬೀಳ್ತು ಹೇಳಿ ಅದಕ್ಕೆ ಗೊತ್ತಾಗ್ಲಿ.”

ಜಿಂಕೆಯ ಪಕ್ಕಕ್ಕೆ ಅವರೇ ಕಲ್ಲು ಬೀಸಿದರು. ಅದು ಹಾರಿ ಮರೆಯಾಯಿತು. ಹೋದ ದಿಕ್ಕನ್ನೇ ನೋಡುತ್ತ ಗಣಪಣ್ಣ ಕೆಮ್ಮಿದರು.

ಆ ಕೆಮ್ಮನ್ನು ನಾನು ಅಣಕಿಸಲಿಲ್ಲ.