ಅತ್ತಿಗೆಯ ಪ್ರವಾಸಿ ವೀಸಾ

ಬೆಳಕು ಹರಿಯುವುದರೊಳಗೆ ನೀರು ತುಂಬಬೇಕು, ಹಾಲು ಕಾಯಿಸಬೇಕು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಬೇಕು, ನೆನೆಹಾಕಿದ ಬಟ್ಟೆ ಒಗೆದು ಹರವಬೇಕು, ಗಂಡನ ಬುತ್ತಿ ಕಟ್ಟಿ ಮಧ್ಯಾಹ್ನದ ಅಡುಗೆಯನ್ನೂ ಮುಚ್ಚಿಡಬೇಕು. ಆ ದಿನ ಇನ್ನೊಂದು ಕೆಲಸವಿತ್ತು. ವೀಸಾ ಕಚೇರಿಗೆ ಉಟ್ಟು ಹೋಗಲು ಸೀರೆಗೆ ಇಸ್ತ್ರಿ. ಪೆಟ್ಟಿಗೆ ಬಿಸಿಯಾಗುವಷ್ಟರಲ್ಲಿ ಜೊತೆಗೆ ಹೊರಟಿದ್ದ ಗಂಡನ ಅಂಗಿಯೂ ಬಂದು ಮೇಜಿನ ಮೇಲೆ ಬಿತ್ತು.

"ಹೇಗೂ ಹಾಕಿದ್ದೀಯಲ್ಲ, ಇದನ್ನೂ ಒಂದೆಳೆ ಎಳೆದುಬಿಡು."

ಮನೆಯಲ್ಲಷ್ಟೇ ಅಲ್ಲ, ಇಡೀ ಬೀದಿಗೇ ಅವಳು ಅತ್ತಿಗೆ. ವಿದೇಶದಲ್ಲಿದ್ದ ನಾದಿನಿ ಅವಳನ್ನು ಕರೆಸಿಕೊಳ್ಳುತ್ತಿದ್ದಳು. ಆಹ್ವಾನದ ಪತ್ರ, ಖರ್ಚೆಲ್ಲ ನಮ್ಮದೆಂಬ ಒಪ್ಪಿಗೆ, ಬ್ಯಾಂಕಿನ ಕಾಗದ ಎಲ್ಲ ಅಲ್ಲಿಂದಲೇ ಬಂದಿದ್ದವು. ನಾದಿನಿಗೂ ಅವಳ ಗಂಡನಿಗೂ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಅವಳಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಬಿಟ್ಟುಹೋಗಿದ್ದಳು. ಅತ್ತಿಗೆ ಐದು ತಿಂಗಳು ಬಂದಿದ್ದರೆ ಸಾಕು ಎನ್ನುವುದು ಅವರ ಲೆಕ್ಕ.

ಅತ್ತಿಗೆಗೂ ಹೋಗುವ ಆಸೆ ಇತ್ತು, ಅದರ ಕಾರಣ ಬೇರೆ. ಮದುವೆಯಾದಾಗಿನಿಂದ ಅವಳು ಹೋದದ್ದೆಲ್ಲ ಯಾರದೋ ಬಾಣಂತನಕ್ಕೆ, ಇಲ್ಲ ಯಾರದೋ ಆಪರೇಷನ್ನಿಗೆ. ಊರೆಂದರೆ ಅವಳ ಪಾಲಿಗೆ ಬೇರೆಯವರ ಅಡುಗೆಮನೆ. ವಿಮಾನ ಹತ್ತುವಷ್ಟು ದೂರ ಹೋದರಾದರೂ ಏನಾದರೂ ಕಣ್ತುಂಬ ನೋಡಬಹುದು ಎಂದುಕೊಂಡಿದ್ದಳು.

ಕಚೇರಿಯ ಗಾಜಿನ ಹಿಂದೆ ಅಧಿಕಾರಿ ಕೇಳಿದ. ಪಕ್ಕದಲ್ಲಿ ಕೂತ ಹುಡುಗಿ ಅದನ್ನು ಅವಳ ಮಾತಿಗೆ ತಿರುಗಿಸಿದಳು.

"ಅಲ್ಲಿಗೆ ಹೋಗಿ ಏನ್ಮಾಡ್ತೀರಮ್ಮ?"

"ಏನಿಲ್ಲ, ಮನೇಲೇ ಇರ್ತೀನಿ. ಅವರಿಬ್ರೂ ಡ್ಯೂಟಿಗೆ ಹೋಗ್ತಾರಲ್ಲ, ಮಕ್ಕಳನ್ನ ನೋಡ್ಕೊಳ್ಳೋದು, ಅಡುಗೆ, ಬಟ್ಟೆಬರೆ."

"ಅದು ಕೆಲಸ ಅಂತಾರೆ ಸಾಹೇಬ್ರು."

"ಕೆಲಸ ಅಲ್ಲಮ್ಮ, ಮನೆಗೆಲಸ."

"ಸಂಬಳ ಎಷ್ಟು ಕೊಡ್ತಾರೆ?"

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಅತ್ತಿಗೆಗೆ ಯಾರಾದ್ರೂ ಸಂಬಳ ಕೊಡ್ತಾರಾ?"

ಅಧಿಕಾರಿ ನಗಲಿಲ್ಲ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಗಾಜಿನ ಕೆಳಗಿನ ಸಂದಿಯಿಂದ ಪಾಸ್‌ಪೋರ್ಟ್ ವಾಪಸು ಬಂತು, ಜೊತೆಗೆ ನಿರಾಕರಣೆಯ ಒಂದು ಚೀಟಿ. ಇಷ್ಟು ವರ್ಷಗಳಲ್ಲಿ ಅವಳು ಮಾಡುವುದನ್ನು ಕೆಲಸವೆಂದು ಕರೆದವನು ಅವನೊಬ್ಬನೇ. ಅವನೂ ಬೇಡವೆನ್ನುವುದಕ್ಕೇ ಕರೆದ.

"ಊರು ನೋಡಕ್ಕೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ವಾಪಸು ಬರುವಾಗ ಗಂಡ ಬಸ್ಸಿನುದ್ದಕ್ಕೂ ಗೊಣಗಿದ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದು ಮನೆಯಲ್ಲಿ ಅತ್ತೆ ಎಣ್ಣೆಯ ಬಟ್ಟಲನ್ನು ಸೊಸೆಯತ್ತ ಸರಿಸಿ ಕಾಲು ಚಾಚಿದರು.

ಸಂಜೆ ನಾದಿನಿಯ ಫೋನು. "ಏನತ್ತಿಗೆ ನೀವು, ಅದನ್ನೂ ಕೆಲಸ ಅಂತ ಹೇಳ್ತಾರಾ? ಮನೇಲಿ ಸುಮ್ನೆ ಇರೋದು ತಾನೆ? ಇನ್ನೊಂದ್ಸಲ ಅರ್ಜಿ ಹಾಕೋಣ. ಯಾವ್ಯಾವ ಜಾಗ ನೋಡ್ತೀರಿ ಅಂತ ಇವರು ಬರೆದು ಕಳಿಸಿದ್ದಾರೆ. ಬಾಯಿಪಾಠ ಮಾಡ್ಕೊಳ್ಳಿ."

ತನ್ನ ಫೋನಿಗೆ ಬಂದಿದ್ದ ಪಟ್ಟಿಯನ್ನು ಗಂಡ ಓದಿ ಹೇಳಿದ. ದೊಡ್ಡ ಸರೋವರ, ಅದರಲ್ಲಿ ದೋಣಿ, ಬೆಟ್ಟಕ್ಕೆ ಹತ್ತುವ ರೈಲು.

"ಆ ಸರೋವರ ನಿಮ್ಮನೆಗೆ ಹತ್ರಾನಾ?" ಅತ್ತಿಗೆಯ ದನಿಯಲ್ಲಿ ಜೀವ ಬಂದಿತ್ತು.

"ಯಾರಿಗೆ ಗೊತ್ತು, ನಾವೇ ಹೋಗಿಲ್ಲ."

"ನಾನು ಬಂದ್ಮೇಲೆ ಹೋಗೋಣ್ವಾ?"

"ಅಯ್ಯೋ, ಎಲ್ಲಿಂದ ಬರಬೇಕು ಪುರುಸೊತ್ತು. ಅದು ಬರೀ ವೀಸಾ ಕಿಟಕೀಲಿ ಹೇಳೋಕೆ ಅತ್ತಿಗೆ."

ಆಮೇಲೆ ದಿನವೂ ಪಾಠ. ಪಾತ್ರೆ ತಿಕ್ಕುವಾಗ ಗಂಡ ಬಾಗಿಲಲ್ಲಿ ನಿಂತು ಕೇಳುವನು, ಅವಳು ಒಪ್ಪಿಸುವಳು. ಸರೋವರ, ದೋಣಿ, ರೈಲು. ತಪ್ಪಿದರೆ "ತಲೇಲಿ ಏನಿದೆ ನಿಂಗೆ?" ಎಂಬ ಬೈಗುಳ. ತಲೆಯಲ್ಲಿ ಸರೋವರವೇ ಇತ್ತು. ನೋಡಲು ಸಿಗದ ಜಾಗಗಳನ್ನು ಹೀಗೆ ಗಿಳಿಪಾಠ ಒಪ್ಪಿಸುತ್ತ ಅವಳು ತಿಕ್ಕಿದ್ದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು.

ಅರ್ಜಿ ತುಂಬುವ ದಿನ ಗಂಡನಿಗೆ ರಜೆ ಸಿಗಲಿಲ್ಲ. ಚೀಟಿ ಬರೆದುಕೊಟ್ಟು ಕಂಪ್ಯೂಟರ್ ಅಂಗಡಿಗೆ ಅವಳೊಬ್ಬಳನ್ನೇ ಕಳಿಸಿದ. ಅಂಗಡಿಯವಳು ಚೀಟಿ ನೋಡಿ ಟೈಪು ಮಾಡುತ್ತ ಬಂದಳು.

"ಎಷ್ಟು ದಿನ ಇರ್ತೀರಿ? ಐದು ತಿಂಗಳು ಅಂತ ಬರೆದಿದ್ದಾರೆ."

ಕಡಿಮೆ ಹೇಳಿದರೆ ನಾದಿನಿ ಕೆಂಡವಾಗುತ್ತಾಳೆ. ಟಿಕೆಟ್ ಕಳಿಸದೇ ಇರಬಹುದು, ಕೊಟ್ಟ ಪತ್ರವನ್ನೂ ಹಿಂತೆಗೆದುಕೊಳ್ಳಬಹುದು. ಹಾಗಾದರೆ ಸರೋವರವೂ ಇಲ್ಲ, ವಿಮಾನವೂ ಇಲ್ಲ. ಮನೆಯಲ್ಲಿ ಕೇಳಬೇಕಾದ ಮಾತುಗಳಂತೂ ಬೇರೆಯೇ.

"ಹದಿನೈದು ದಿನ ಅಂತ ಹಾಕಮ್ಮ."

"ಮನೇಲಿ ಒಂದ್ಮಾತು ಕೇಳ್ತೀರಾ? ಸಬ್‌ಮಿಟ್ ಒತ್ತಿದ್ಮೇಲೆ ತಿದ್ದೋಕಾಗಲ್ಲ."

"ಊರು ನೋಡಕ್ಕೆ ಹೋಗೋರು ಇನ್ನೆಷ್ಟು ದಿನ ಇರ್ತಾರೆ? ಒತ್ತು," ಎಂದಳು ಅತ್ತಿಗೆ.