ಹಸಿದವಳ ಕಾಲಿಗೆ ಬಿದ್ದೆವು

ಯಾರಾದರೂ ಕೇಳಿದರೆ ನಾನು ಈ ಕತೆಯನ್ನು ಅರ್ಧವೇ ಹೇಳುತ್ತೇನೆ. ಅವ್ವನಿಗೆ ಬಾಯಿ ಕೆಟ್ಟಿತ್ತು, ಮಿರಜಕ್ಕೆ ಕರೆದೊಯ್ದೆ, ಗುಣವಾಯಿತು, ಅಷ್ಟೇ. ಉಳಿದರ್ಧ ಹೇಳಲು ನನಗೆ ಮುಖವಿಲ್ಲ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಐನಾಪುರದಲ್ಲಿ ನನ್ನದು ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಅವ್ವನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ಅದರ ಮೇಲೆ ಕೈಬೆರಳು ಬಾತು ಸೊಟ್ಟಗಾಗುವ ವಾತ. ಮಿರಜದ ಡಾಕ್ಟರ್ ಕೊಟ್ಟ ಗುಳಿಗೆಯಿಂದ ಬಾವು ಇಳಿದಿತ್ತು. ಆದರೆ ಅವರು ಆವತ್ತೇ ಎಚ್ಚರಿಸಿದ್ದರು: ಈ ಗುಳಿಗೆ ಮೈಯೊಳಗಿನ ಕಾವಲುಗಾರನನ್ನೂ ಮಲಗಿಸುತ್ತದೆ, ಜ್ವರ ಬಂದರೆ, ಬಾಯಲ್ಲಿ ಬಿಳುಪು ಕಂಡರೆ ತಡಮಾಡದೆ ಕರೆತನ್ನಿ. ನಾನು "ಹೌದ್ರಿ, ಹೌದ್ರಿ" ಎಂದು ಗೋಣು ಆಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೆ.

ಹೋದ ಮಳೆಗಾಲದಲ್ಲಿ ಅವ್ವ ಊಟ ಬಿಡತೊಡಗಿದಳು. ಮೊದಲು ಖಾರ, ಆಮೇಲೆ ರೊಟ್ಟಿ, ಆಮೇಲೆ ಅನ್ನ. ಏನು ಕೊಟ್ಟರೂ ಕೈ ಆಡಿಸಿ "ಒಲ್ಲೆ" ಅನ್ನುವಳು. ದಿನಕ್ಕೆ ಒಂದೆರಡು ಬಟ್ಟಲು ಮಜ್ಜಿಗೆ, ಕಾಸಿ ಆರಿಸಿದ ನೀರು. ಬೇರೆಯವರ ಮನೆಯಲ್ಲಾಗಿದ್ದರೆ ಮೊದಲು ದವಾಖಾನೆ ನೆನಪಾಗುತ್ತಿತ್ತು. ನಮ್ಮದು ಜೈನರ ಮನೆ. ವಯಸ್ಸಾದವರು ಒಂದೊಂದೇ ಪದಾರ್ಥ ಬಿಡುತ್ತ ಬಂದರೆ ನಮಗೆ ಹೊಳೆಯುವುದು ಸಲ್ಲೇಖನ. ಅನ್ನ ನೀರು ತೊರೆದು ಸಮಾಧಾನದಿಂದ ದೇಹ ಬಿಡುವ ವ್ರತ. ಮುತ್ತಜ್ಜಿ ಹಾಗೆ ಹೋದಳೆಂದು ನಮ್ಮ ಮನೆತನದ ಹೆಸರು ಇಂದಿಗೂ ದೊಡ್ಡದು.

ಗುರುಗಳ ಮುಂದೆ ಕೂತು ಕೇಳಿಕೊಳ್ಳದೆ ಆ ವ್ರತ ಆಗುವುದಿಲ್ಲ. ಅದು ನನಗೆ ಗೊತ್ತಿತ್ತು. ಅವ್ವ ಯಾರನ್ನೂ ಕೇಳಿರಲಿಲ್ಲ. ಅದೂ ಗೊತ್ತಿತ್ತು.

ಪಕ್ಕದ ಮನೆಯ ಕಾಕು ಬಂದು ನೋಡಿ, "ನಿಮ್ಮವ್ವ ಪುಣ್ಯವಂತಿ ಬಿಡಪಾ ತಮ್ಮಾ. ತಾನಾಗೇ ಎಲ್ಲಾ ಬಿಡಾಕತ್ತಾಳ" ಅಂದಳು. ಇಲ್ಲ ಕಾಕು, ಹಂಗೇನಿಲ್ಲ ಅನ್ನಬಹುದಿತ್ತು. ನಾನು ಕೈ ಮುಗಿದೆ. ಅವ್ವ ಸಲ್ಲೇಖನದ ಹಾದಿ ಹಿಡಿದಿದ್ದಾಳೆಂದು ಸಂಜೆ ಸಮಾಜದ ವಾಟ್ಸಾಪ್ ಗುಂಪಿನಲ್ಲಿ ನಾನೇ ಹಾಕಿದೆ. ಮಾರನೆಯ ದಿನದಿಂದ ಬೋರಗಾಂವ, ಚಿಂಚಲಿ, ಕಾಗವಾಡದ ಬೀಗರು ಗಾಡಿ ಮಾಡಿಕೊಂಡು ಬಂದು ಅವ್ವನ ಕಾಲಿಗೆ ಬೀಳತೊಡಗಿದರು. ಅಂಗಡಿಯಲ್ಲಿ ದಿನವೂ ನನ್ನ ಜೊತೆ ಜಗಳ ಕಾಯುತ್ತಿದ್ದವರು "ಅವ್ವಾರು ಹ್ಯಾಂಗದಾರ್ರಿ ಸಾವಕಾರ್ರ?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ನನಗೆ ಅದು ಬಹಳ ರುಚಿಸಿತು.

ನನ್ನ ಹೆಂಡತಿ ಒಬ್ಬಳೇ ಖುಷಿಯಾಗಿರಲಿಲ್ಲ. "ಏನ್ರೀ, ಅತ್ತಿ ನಾಲಗಿ ನೋಡೀರೇನು? ಮಸರ ಮೆತ್ತಿದಂಗ ಬೆಳ್ಳಗ ಆಗೈತಿ. ಬಟ್ಟಿಲೆ ಒರಸಿದ್ರ ರಗತ ಬರತೈತಿ" ಅಂದಳು.

"ಉಪಾಸ ಮಾಡಿದವರ ನಾಲಗಿ ಹಂಗ ಇರತೈತಿ. ನಿನಗೇನ ತಿಳಿತೈತಿ? ಸುಮ್ಮಕಿರು."

ಥೂ, ನನ್ನ ಬಾಯಿಗೆ ಬೆಂಕಿ ಬೀಳಲಿ! ರೈತ ದ್ರಾಕ್ಷಿ ಎಲೆ ಕಿತ್ತು ತಂದರೆ, ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಅದರ ಮೇಲಿನ ಬಿಳುಪು ಕಂಡು "ಬೂದಿ ರೋಗ" ಅನ್ನುವವನು ನಾನು. ಒಳಕೋಣೆಗೆ ಹೋಗಿ ಹೆತ್ತವಳ ಬಾಯಿ ತೆರೆಸಿ ನೋಡಲಿಲ್ಲ. ಬದಲಿಗೆ ಅಥಣಿಗೆ ಹೋಗಿ ನಮ್ಮೂರ ಸರ್ಕಲ್ಲಿನಲ್ಲಿ ನಿಲ್ಲಿಸಲು ಫ್ಲೆಕ್ಸ್ ಹೇಳಿ ಬಂದೆ. ಫೋಟೊ ಆರಿಸಲು ಅರ್ಧ ತಾಸು ಬೇಕಾಯಿತು. ಅವ್ವ ನಗುತ್ತಿದ್ದ ಫೋಟೊಗಳನ್ನೆಲ್ಲ ಬದಿಗಿಟ್ಟೆ.

ಅವ್ವ ಅನ್ನವನ್ನೂ ಬಿಟ್ಟ ಎಂಟನೆಯ ದಿನ, ಚಾತುರ್ಮಾಸಕ್ಕೆಂದು ನಮ್ಮ ಬಸದಿಯಲ್ಲಿ ತಂಗಿದ್ದ ಮಾತಾಜಿಯನ್ನು, ಅಂದರೆ ಸನ್ಯಾಸಿನಿಯನ್ನು, ವ್ರತ ಕೊಡಿಸಲು ಮನೆಗೆ ಕರೆದೆ. ಪಡಸಾಲೆಯ ತುಂಬ ಮಂದಿ. ಮಾತಾಜಿ ಬರಿಗಾಲಲ್ಲಿ ಬಂದು, ನವಿಲುಗರಿಯ ಪಿಂಛಿಯಿಂದ ನೆಲ ಸವರಿ, ಅವ್ವನ ಹತ್ತಿರ ಕೂತರು.

"ಅನ್ನದ ಆಸೆ ಪೂರಾ ಹೋಗೇತೇನವ್ವಾ?"

ಅವ್ವ ನನ್ನ ಕಡೆ ನೋಡಿದಳು. ಮಾತಾಜಿ, "ಅವನ್ನ ನೋಡಬ್ಯಾಡ. ನನಗ ಹೇಳು" ಅಂದರು.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. "ಇಲ್ರಿ ಮಾತಾಜಿ. ಹಸಿವಾಗೈತ್ರಿ. ಭಾಳ ಹಸಿವಾಗೈತಿ. ನುಂಗಾಕ ಬರವಲ್ದು, ಗಂಟಲದಾಗ ಮುಳ್ಳ ಎಳದಂಗ ಆಗತೈತಿ."

ಮಾತಾಜಿ ಎದ್ದು ನಿಂತು ನನಗೆ ಹೇಳಿದರು, "ಇದು ವ್ರತ ಅಲ್ಲ, ಬ್ಯಾನಿ. ಗಾಡಿ ತರಸು." ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಆಗಷ್ಟೇ ಅವ್ವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡವರು ಈಗ ನನ್ನನ್ನು ನೋಡುತ್ತಿದ್ದರು.

ಮಿರಜದ ಡಾಕ್ಟರ್ ಬ್ಯಾಟರಿ ಬಿಟ್ಟು ಅವ್ವನ ಬಾಯಿ ನೋಡಿ "ಬುರಶಿ" ಅಂದರು. ಶಿಲೀಂಧ್ರಕ್ಕೆ ಮರಾಠಿಯ ಮಾತು. ನನ್ನ ಅಂಗಡಿಯ ಅರ್ಧ ಡಬ್ಬಿಗಳ ಮೇಲೆ ಬರೆದಿರುವುದು ಅದೇ. ಎಲ್ಲರ ಬಾಯಲ್ಲೂ ಅದು ಇದ್ದೇ ಇರುತ್ತದಂತೆ. ವಾತದ ಗುಳಿಗೆ, ಸಕ್ಕರೆ, ಎರಡೂ ಸೇರಿ ಅವ್ವನ ಮೈ ಸೋತಾಗ ಬೆಳೆದು ಅನ್ನನಾಳದ ತನಕ ಇಳಿದಿತ್ತು. "ಎಷ್ಟು ದಿನದಿಂದ ಊಟ ಇಲ್ಲ?" ಎಂದು ಕೇಳಿದರು. ನಾನು ಎರಡು ದಿನ ಅಂದೆ. ಹಿಂದೆ ನಿಂತಿದ್ದ ಹೆಂಡತಿ, "ಎಂಟ ದಿನಾ ಆತ್ರಿ" ಅಂದಳು. ಡಾಕ್ಟರ್ ಮತ್ತೆ ನನ್ನ ಮುಖ ನೋಡಲಿಲ್ಲ, ಮುಂದಿನದನ್ನೆಲ್ಲ ಅವಳಿಗೇ ಹೇಳಿದರು. ಇನ್ನೊಂದು ವಾರ ಬಿಟ್ಟಿದ್ದರೆ ಅವ್ವ ಉಳಿಯುತ್ತಿರಲಿಲ್ಲ ಎನ್ನುವುದನ್ನೂ.

ಅಲ್ಲೇ ನಾಲ್ಕು ದಿನ ಸಲಾಯಿನ್ ಹಚ್ಚಿ ಔಷಧ ಕೊಟ್ಟರು, ಮನೆಗೆ ಗುಳಿಗೆ ಬರೆದರು. ಮೊದಲು ಗಂಜಿ ಇಳಿಯಿತು. ಹದಿನೈದು ದಿನಕ್ಕೆ ಅವ್ವ ತಾನೇ ಅಡುಗೆಮನೆಗೆ ಬಂದು ಮೆತ್ತಗಿನ ಅನ್ನಕ್ಕೆ ಹಾಲು ಹಾಕಿಸಿಕೊಂಡು ಕೂತಳು. ನಾನು ಎದುರಿಗೆ ಕೂತೆ. ಕ್ಷಮಿಸು ಅನ್ನಬೇಕೆಂದು ಬಾಯಿ ತೆರೆದರೆ ಅವಳ ಮೇಲೇ ತಪ್ಪು ಹೊರಿಸುವ ಮಾತು ಬಂತು.

"ಹಸಿವಾಗೈತಿ ಅಂತ ನನಗ ಒಂದ ಮಾತ ಹೇಳಬಾರದಿತ್ತೇನಬೇ ಯವ್ವಾ?"

ಅವ್ವ ತುತ್ತು ನುಂಗಿ, ನೀರು ಕುಡಿದು, ನಿಧಾನಕ್ಕೆ ಅಂದಳು, "ಹೇಳಬೇಕಂತ ದಿನಾ ಅನಕೋತಿದ್ನೆಪಾ. ಆದ್ರ ಮಂದಿ ಬಂದಾಗೊಮ್ಮೆ ನಿನ್ನ ಮಾರಿ ಅಷ್ಟ ಅರಳತಿತ್ತು. ಹ್ಯಾಂಗ ಹೇಳಲಿ?"

ಅವಳು ತಾಟನ್ನು ನನ್ನತ್ತ ಸರಿಸಿ, ಇನ್ನೊಂದೀಟು ಅನ್ನ ಹಾಕು ಅಂದಳು.