ಕಲ್ಲಾಂಗ್‌ಗೆ ಬಂದ ಸುಂಟರಗಾಳಿ

ಒದ್ದೆ ಬಿದಿರಿನ ವಾಸನೆ ಬಂದರೆ ನನಗೆ ದೊಡ್ಡಮ್ಮ ನೆನಪಾಗುತ್ತಾಳೆ. ಮೊನ್ನೆ ಒನ್-ನಾರ್ತ್ ಬಡಾವಣೆಯ ಆಫೀಸಿನಿಂದ ಸುಸ್ತಾಗಿ ಪುಂಗೋಲ್‌ನ ಮನೆಗೆ ಬಂದಾಗ ಕಿಟಕಿಯಾಚೆಗೆ ಚಾಚಿದ ಕೋಲುಗಳ ಮೇಲೆ ಒಣಹಾಕಿದ್ದ ಬಟ್ಟೆಯೆಲ್ಲ ಮಳೆಗೆ ನೆನೆದಿತ್ತು. ಬಿದಿರಿನ ಕೋಲುಗಳಿಂದ ಆ ಹುಳಿ ವಾಸನೆ ಏಳುತ್ತಿತ್ತು. ಮಗಳು ಫೋನಿನಲ್ಲಿ ಯಾರೋ ಕಳಿಸಿದ ಚಿತ್ರ ತೋರಿಸಿದಳು: ಸಮುದ್ರದ ಮೇಲೆ ಮೋಡದಿಂದ ಇಳಿಬಿದ್ದ ತೆಳ್ಳನೆಯ ಬೂದು ಸೊಂಡಿಲು. “ಇದು ಇಲ್ಲಿಗೆಲ್ಲ ಬರಲ್ಲ ಲಾ ಅಮ್ಮಾ, ನೀರಲ್ಲೇ ಮುಗಿದು ಹೋಗತ್ತೆ” ಎಂದಳು. ನಾನು ಕೋಲುಗಳನ್ನು ಒಳಗೆಳೆದುಕೊಂಡೆ.

ನಾವು ಆಗ ಇದೇ ದ್ವೀಪನಗರದ ಕಲ್ಲಾಂಗ್‌ನ ಹಳೆಯ ಬ್ಲಾಕೊಂದರ ಒಂಬತ್ತನೆಯ ಮಹಡಿಯಲ್ಲಿದ್ದೆವು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ನನ್ನನ್ನು ಬೆಳೆಸಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಉಡುಪಿ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದಳು. ಅವಳ ಸೆರಗಿನಲ್ಲಿ ತೆಂಗಿನೆಣ್ಣೆ, ಹುರಿದ ಕೊತ್ತಂಬರಿಯ ಪರಿಮಳ ಸದಾ ಇರುತ್ತಿತ್ತು. ಮಧ್ಯಾಹ್ನಗಳಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಕೂತು, ಕಟ್ಟಡಗಳ ನಡುವೆ ಕಾಣುವ ಒಂದು ತುಂಡು ನೀರನ್ನು ನೋಡುತ್ತಿದ್ದಳು. “ಇಲ್ಲಿ ಭೂಕಂಪ ಇಲ್ಲ, ಸೈಕ್ಲೋನ್ ಇಲ್ಲ, ಆರಾಮಾಗಿರಿ ಅಕ್ಕ” ಎಂದು ಅಪ್ಪ, ತಾವೇ ಈ ಊರನ್ನು ಕಟ್ಟಿಸಿದವರ ಹಾಗೆ ಹೇಳುತ್ತಿದ್ದರು.

ನಾನು ಪ್ರೈಮರಿಯ ಎರಡನೆಯ ತರಗತಿಯಲ್ಲಿದ್ದ ವರ್ಷ, ಒಂದು ಮಧ್ಯಾಹ್ನ ಆಕಾಶ ಪಾಚಿಯ ಬಣ್ಣಕ್ಕೆ ತಿರುಗಿತು. ಬಟ್ಟೆ ತೆಗೆಯಲು ಕಿಟಕಿಗೆ ಹೋದ ದೊಡ್ಡಮ್ಮ ಕೋಲನ್ನು ಹಿಡಿದಂತೆಯೇ ನಿಂತುಬಿಟ್ಟಳು. “ಎಂತ ಅದು?” ಎಂದಳು. ನೀರಿನ ಮೇಲಿಂದ ಒಂದು ಕಂಬ ಬಳುಕುತ್ತ ನಮ್ಮ ಕಡೆಗೆ ಬರುತ್ತಿತ್ತು. ಅವಳು ಕೋಲು ಬಿಟ್ಟು, ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬಚ್ಚಲಿಗೆ ತಳ್ಳಿದಳು. ತಾನು ಒಳಗೆ ಬರುವಷ್ಟರಲ್ಲಿ ಕಿಟಕಿಯ ಗಾಜು ಒಡೆಯಿತು. ಬೀದಿಯ ಅಂಗಡಿಗಳ ಶಟರುಗಳನ್ನೆಲ್ಲ ಒಟ್ಟಿಗೇ ಎಳೆದಂಥ ಸದ್ದು. ನನ್ನ ಕಿವಿ ಕಟ್ಟಿಕೊಂಡಿತು. ಬಾಗಿಲನ್ನು ಹೊರಗಿನಿಂದ ಎಳೆದು, ಅದಕ್ಕೆ ಬೆನ್ನು ಕೊಟ್ಟು ಅವಳು ಹೊರಗೇ ನಿಂತಿದ್ದಳು. ಸದ್ದು ನಿಂತ ಮೇಲೆ ಬಾಗಿಲು ತೆರೆದರೆ, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, “ಹೆದರ್ಬೇಡ ಮಗಾ, ನಿಂಗೆ ಏನೂ ಆಗ್ಲಿಲ್ಲ ಅಲ್ವಾ?” ಎಂದಳು. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಪಕ್ಕದ ಮನೆಯ ಚೀನೀ ಆಂಟಿ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕಣ್ಣು ಉಳಿಯಲಿಲ್ಲ. ಸುಂಟರಗಾಳಿ ಎಂದು ಅವಳು ಹೇಳಿದ್ದನ್ನು ಯಾರೂ ನಂಬಲೂ ಇಲ್ಲ. “ಜೋರು ಗಾಳಿ ಅಷ್ಟೇ ಅಕ್ಕ. ಟೊರ್ನೇಡೋ ಎಲ್ಲಾ ಅಮೆರಿಕದಲ್ಲಿ. ಇಲ್ಲಿ ಚಾನ್ಸೇ ಇಲ್ಲ” ಎಂದರು ಅಪ್ಪ, ಸಮಾಧಾನ ಮಾಡುವ ದನಿಯಲ್ಲಿ.

“ಚಾನ್ಸ್ ಇಲ್ಲದ್ದು ನನ್ನ ಕಣ್ಣಿಗೇ ಬಂತಲ್ಲ ಮಾರಾಯ್ರೆ” ಎಂದು ಅವಳು ಗೋಡೆಯ ಕಡೆ ಹೊರಳಿದಳು.

ಮರುದಿನ ಅಪ್ಪ ನನ್ನ ಕೈ ಹಿಡಿದು ಕೆಳಗಿಳಿದರು. ಕಾಲುದಾರಿಯ ತಗಡಿನ ಮಾಡು ದೀಪದ ಕಂಬಕ್ಕೆ ಸುತ್ತಿಕೊಂಡಿತ್ತು. ದೊಡ್ಡ ಮರವೊಂದು ಹಿಂಡಿದ ಬಟ್ಟೆಯಂತೆ ಬುಡದಲ್ಲೇ ತಿರುಚಿ ಹೋಗಿತ್ತು. ಎದುರಿನ ಬ್ಲಾಕಿನಲ್ಲಿ ಹೂಕುಂಡಗಳು ಕೂಡ ಅಲುಗಿರಲಿಲ್ಲ. ಅಪ್ಪ ಮರದ ಮುಂದೆ ಬಹಳ ಹೊತ್ತು ನಿಂತರು. ಮನೆಗೆ ಬಂದವರೇ ದೊಡ್ಡಮ್ಮನ ಮಂಚವನ್ನು ಕಿಟಕಿಯ ಬಳಿಯಿಂದ ಒಳಗೋಡೆಗೆ ಸರಿಸಿದರು. ಚಾನ್ಸ್ ಎಂಬ ಮಾತನ್ನು ಮತ್ತೆಂದೂ ಅವರು ಆಡಲಿಲ್ಲ.

ಆಮೇಲೆ ಮೋಡ ಕಪ್ಪಾದಾಗಲೆಲ್ಲ ದೊಡ್ಡಮ್ಮ ನನ್ನನ್ನು ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಮೊದಮೊದಲು ನಗುತ್ತಿದ್ದ ಅಮ್ಮನೂ ಕ್ರಮೇಣ ಬಂದು ಕೂರತೊಡಗಿದಳು. ರಜೆಯಿದ್ದರೆ ಅಪ್ಪನೂ. ಮಗುಚಿದ ಬಕೆಟ್ಟುಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಹುರಿದ ಕಡಲೆ ತಿನ್ನುತ್ತ, ಗುಡುಗು ದಾಟುವುದನ್ನು ಕಾಯುತ್ತಿದ್ದೆವು. ನಾವೆಲ್ಲ ಅಷ್ಟು ಹತ್ತಿರ ಕೂತದ್ದು ಬೇರೆಲ್ಲೂ ಇಲ್ಲ. ಆ ಗಾಳಿ ಮತ್ತೆ ಬರಲಿಲ್ಲ.

ನಾನು ಕಾಲೇಜು ಸೇರಿದ ವರ್ಷ ಬ್ಲಾಕನ್ನು ಕೆಡವುವುದೆಂದು ತೀರ್ಮಾನವಾಗಿ ನಾವು ಬೇರೆಡೆಗೆ ಶಿಫ್ಟ್ ಆದೆವು. ಹೊಸ ಮನೆಗೆ ಹೊಂದಿಕೊಳ್ಳುವ ಮೊದಲೇ ದೊಡ್ಡಮ್ಮ ಹೋದಳು. ಈಗ ಅಪ್ಪ ಅಮ್ಮನೂ ಇಲ್ಲ.

ನೀವೂ ಇಂಥ ಎತ್ತರದ ಮನೆಯೊಂದನ್ನು ಕಳೆದುಕೊಂಡಿದ್ದರೆ ನಿಮಗೆ ಇದು ಗೊತ್ತಿರುತ್ತದೆ. ನೆಲದ ಮೇಲಿನ ಮನೆಯಾದರೆ ಪಾಯದ ಕಲ್ಲಾದರೂ ಸಿಕ್ಕೀತು. ಕೆಲಸ ಮುಗಿಸಿ ಮರಳುವಾಗ ಒಮ್ಮೊಮ್ಮೆ ಕಲ್ಲಾಂಗ್‌ನಲ್ಲಿ ಇಳಿದು, ಹುಲ್ಲು ಬೆಳೆದ ಆ ಖಾಲಿ ಜಾಗದಲ್ಲಿ ನಿಂತು ತಲೆಯೆತ್ತುತ್ತೇನೆ. ನಮ್ಮ ಅಡುಗೆಮನೆ ಎಷ್ಟು ಎತ್ತರದಲ್ಲಿತ್ತೆಂದು ಅಂದಾಜು ಮಾಡುತ್ತೇನೆ. ಆ ಎತ್ತರದಲ್ಲಿ ಈಗ ಮೈನಾಗಳು ಹಾರಿ ಹೋಗುತ್ತವೆ, ಯಾವುದಕ್ಕೂ ತಾಗದೆ.